ಉಗ್ರಾಣದಲ್ಲಿ ಹನ್ನೊಂದು ಗಂಟಲು

ನೂರ ಹನ್ನೆರಡು ಅಂಶಗಳ ಆ ಸಂಹಿತೆಯನ್ನು ಬರೆದ ಪುಣ್ಯಾತ್ಮರು ಯಾರೋ ನನಗೆ ಗೊತ್ತಿಲ್ಲ. ಆದರೆ ಅವರ ಅಜ್ಜಿಗೆ ಕೊನೆಯ ತನಕ ಬಾಯಲ್ಲೇ ಮಾತಿತ್ತು ಅನ್ನುವುದಂತೂ ಖಂಡಿತ. ನಮ್ಮೂರಿನ ಅಜ್ಜ ಅಜ್ಜಿಯರ ಕಥೆ ಹಾಗಲ್ಲ. ಎಪ್ಪತ್ತೈದರ ಆಸುಪಾಸಿಗೆ ಒಂದು ಬೆಳಿಗ್ಗೆ ಎದ್ದು ಬಾಯಿ ತೆರೆದರೆ ಬರೀ ಗಾಳಿ. ಮಾತು ಮಾತ್ರ ಅಡುಗೆಮನೆಯಿಂದ ಬರುತ್ತದೆ. ಆಮೇಲೆ ಮನೆಮಂದಿಯೆಲ್ಲ ಒಂದೊಂದೇ ಪಾತ್ರೆಗೆ ಕಿವಿಯಿಟ್ಟು "ಅಮ್ಮಾ, ಇದರಲ್ಲಿದ್ದೀಯಾ?" ಎಂದು ಕೇಳುತ್ತಾ ಹೋಗುವುದು. ಚೊಂಬೋ, ಸೌಟೋ, ಉಪ್ಪಿನಕಾಯಿ ಜಾಡಿಯೋ, ಎಲ್ಲೋ ಒಂದು ಕಡೆ ದನಿ ಕೂತಿರುತ್ತದೆ. ಅಲ್ಲಿಂದಾಚೆಗೆ ತುಟಿ ಇಲ್ಲಿ ಅಲ್ಲಾಡುತ್ತದೆ, ಮಾತು ಅಲ್ಲಿ ಕೇಳುತ್ತದೆ. ನಮಗೆ ಅಭ್ಯಾಸ. ಹೆಣ್ಣು ಕೊಡುವವರು ನಮ್ಮಲ್ಲಿ ಹುಡುಗನ ಜಾತಕ ಆಮೇಲೆ ನೋಡುತ್ತಾರೆ. ಮೊದಲು ಆ ಮನೆಯವರು ಮುದುಕಿಯ ಪಾತ್ರೆಯನ್ನು ಎಲ್ಲಿಟ್ಟಿದ್ದಾರೆ ಅಂತ ನೋಡುತ್ತಾರೆ. ದೇವರ ಗೂಡಿನ ಪಕ್ಕದಲ್ಲಿದ್ದರೆ ಒಳ್ಳೆ ಸಂಬಂಧ. ಅಟ್ಟದ ಮೇಲೆ ಬೋರಲು ಹಾಕಿದ್ದರೆ ಉಪ್ಪಿಟ್ಟನ್ನು ಮುಟ್ಟದೆ ಎದ್ದು ಬರುತ್ತಾರೆ.

ನಾನು ಪಂಕಜ, ಸಂಜೆಮನೆ ಎಂಬ ವೃದ್ಧರ ಆರೈಕೆ ಗೃಹದ ಮೇಲ್ವಿಚಾರಕಿ. ಮೇಲಿನವರು ಏನು ವಿಚಾರ ಮಾಡುತ್ತಾರೋ ಅದನ್ನು ಕೆಳಗಿನವರಿಗೆ ಹೇಳುವ ಕೆಲಸ. ಆರೈಕೆ ಅಂದರೆ ಆರು ಕೈಯಾದರೂ ಬೇಕು. ನಮ್ಮಲ್ಲಿ ಇದ್ದವು ನಾಲ್ಕು: ನನ್ನವೆರಡು, ಅಡುಗೆಯ ಚೌಡಮ್ಮನವೆರಡು. ನಿವಾಸಿಗಳು ಹನ್ನೊಂದು ಮಂದಿ. ಓದಿದ್ದು ಬಿ.ಎ. ಕಾಲೇಜಿನಲ್ಲಿ ಪಾಠಕ್ಕಿಂತ ಪಾಠ ಮಾಡುವವರನ್ನು ಚೆನ್ನಾಗಿ ಕಲಿತಿದ್ದೆ. ಅಣಕುದನಿ ಸ್ಪರ್ಧೆಯಲ್ಲಿ ಪ್ರಿನ್ಸಿಪಾಲರ ದನಿ ಮಾಡಿ ಮೊದಲ ಬಹುಮಾನ ಹೊಡೆದು, ಅದನ್ನು ಅದೇ ಪ್ರಿನ್ಸಿಪಾಲರ ಕೈಯಿಂದ ಇಸಿದುಕೊಂಡವಳು ನಾನು. ಸಂಜೆಮನೆಯಲ್ಲೂ ಮಧ್ಯಾಹ್ನ ಬೇಸರವಾದಾಗ ನಮ್ಮ ಕಾರ್ಯದರ್ಶಿ ಅಡವೀಶಪ್ಪನವರ ದನಿ ತೆಗೆಯುತ್ತಿದ್ದೆ. "ಒಟ್ಟಿನಲ್ಲಿ ಏನಪ್ಪಾ ಅಂದ್ರೆ" ಅಂದರೆ ಸಾಕು, ಹನ್ನೊಂದು ಮುದಿಹೊಟ್ಟೆಗಳು ಮಂಚದ ಮೇಲೆ ಸದ್ದಿಲ್ಲದೆ ಕುಣಿಯುತ್ತಿದ್ದವು. ನಗು ಪಕ್ಕದ ಸ್ಟೂಲಿನ ಮೇಲಿನ ಪಾತ್ರೆಗಳಿಂದ ಚೆಲ್ಲುತ್ತಿತ್ತು. ಮರಿಯಪ್ಪ ಮೇಷ್ಟ್ರು ಇದ್ದದ್ದು ಪ್ರೆಶರ್ ಕುಕ್ಕರಿನಲ್ಲಿ. ಅವರು ಜೋರಾಗಿ ನಕ್ಕರೆ ಒಂದು ಸೀಟಿ ಗ್ಯಾರಂಟಿ.

ಹೀಗಿದ್ದ ನಮಗೆ ಮೇಲಿನಿಂದ ವೃದ್ಧರ ಗೃಹಗಳ ಸಂಹಿತೆ ಬಂತು, ಅದರಂತೆ ನಡೆದರೇ ಸರ್ಟಿಫಿಕೇಟ್. ಹೆಸರಿನಲ್ಲಿ ಮಾತ್ರ ಹಿತ. ಮಂಚ ಎಷ್ಟು ಎತ್ತರ, ಕಿಟಕಿ ಎಷ್ಟು ಅಗಲ, ಗೋಡೆಗೆ ಯಾವ ಬಣ್ಣ, ಎಲ್ಲಾ ಇತ್ತು. ನಲವತ್ತೊಂದನೆಯ ಅಂಶ ಓದಿ ನನ್ನ ತಲೆ ಧಿಮ್ಮೆಂದಿತು. ನಿವಾಸಿಗಳ ಕೊಠಡಿಯಲ್ಲಿ ಲೋಹ, ಮಣ್ಣು, ಗಾಜು, ಯಾವುದೇ ಪಾತ್ರೆ ಇರಕೂಡದು. ಕಾಲಿಗೆ ತೊಡರಿ ಅಪಾಯ. ಇರುವ ಪಾತ್ರೆಗಳನ್ನೆಲ್ಲ ಉಗ್ರಾಣದಲ್ಲಿಟ್ಟು ಬೀಗ ಹಾಕತಕ್ಕದ್ದು. ನಿವಾಸಿಗಳಿಗೆ ಒಂದೇ ಅಳತೆಯ, ನಂಬರು ಹೊಡೆದ ಸ್ಟೀಲ್ ಲೋಟ ಕೊಡತಕ್ಕದ್ದು. ಏಳನೆಯ ಅಂಶವೋ, ತಪಾಸಣೆಯ ದಿನ ಪ್ರತಿ ನಿವಾಸಿಯನ್ನೂ ಬೇರೆಬೇರೆಯಾಗಿ ಮಾತಾಡಿಸಿ, ಅವರ ಸ್ವಂತ ಮಾತಿನಲ್ಲೇ ಹೇಳಿಕೆ ಪಡೆಯತಕ್ಕದ್ದು ಅನ್ನುತ್ತಿತ್ತು. ಗಂಟಲನ್ನು ಬೀಗದೊಳಗಿಡಿ, ಆಮೇಲೆ ಮಾತಾಡಿಸಿ.

ಪರಿವೀಕ್ಷಕ ಜಂಬುನಾಥಯ್ಯನವರ ಆಫೀಸಿಗೆ ಹೋಗಿ ಬಾಯಿ ಬಡಿದುಕೊಂಡೆ. ಅವರು ನಮ್ಮೂರಿನವರೇ. ಪೆನ್ನನ್ನು ಟಕ್ ಟಕ್ ಅನ್ನಿಸುತ್ತಾ ಕೇಳಿಸಿಕೊಂಡರು. "ಅಲ್ಲ ಮೇಡಂ, ನನಗೆ ಗೊತ್ತಿಲ್ವಾ? ನಮ್ಮತ್ತೆ ಮೂರು ವರ್ಷದಿಂದ ಒಗ್ಗರಣೆ ಸೌಟಿನಲ್ಲಿದ್ದಾರೆ. ಬೆಳಿಗ್ಗೆ ಬೈದು ಕಳಿಸಿದ್ರು, ಇನ್ನೂ ಕಿವಿ ಚುರುಚುರು ಅಂತಿದೆ. ಆದ್ರೆ ಕಾಲಂ ಇಲ್ಲವಲ್ಲ!"

"ಸಾರ್, ಕಾಲಂ ಇಲ್ಲ ಅಂದ್ರೆ ದನಿ ಇಲ್ಲ ಅಂತಾನಾ?"

"ಇಲ್ಲ ಅಂತ ಯಾರು ಹೇಳಿದ್ರು? ಇದೆ. ಕಾಲಂ ಇಲ್ಲ, ಅಷ್ಟೇ." ಎದುರಿಗೆ ಕೂತು ಇಪ್ಪತ್ತು ನಿಮಿಷ ವಾದ ಮಾಡಿದೆ. ಅವರ ಪೆನ್ನಿನ ಟಕ್ ಟಕ್ ಒಂದು ಕಲಿತುಕೊಂಡು ವಾಪಸು ಬಂದೆ.

ಪಾತ್ರೆಗಳು ಉಗ್ರಾಣಕ್ಕೆ ಹೋದವು. ಉಗ್ರಾಣ ಅಂದರೆ ನನ್ನ ಆಫೀಸಿಗೆ ಅಂಟಿಕೊಂಡ ಕೋಣೆ, ನಡುವೆ ಒಂದೇ ಗೋಡೆ. ಕೀಲಿಕೈ ನನ್ನ ಸೊಂಟದಲ್ಲಿ. ಅಡವೀಶಪ್ಪನವರು ಒಂದು ಏರ್ಪಾಡನ್ನೂ ಮಾಡಿದರು. "ಒಟ್ಟಿನಲ್ಲಿ ಏನಪ್ಪಾ ಅಂದ್ರೆ, ಭಾನುವಾರ ಹತ್ತರಿಂದ ಹನ್ನೊಂದು, ದನಿಭೇಟಿ. ಉಗ್ರಾಣದ ಬಾಗಿಲು ತೆಗಿ, ಎಲ್ಲರನ್ನೂ ಮುಂದೆ ಕುರ್ಚಿ ಹಾಕಿ ಕೂರಿಸು, ಒಂದು ಗಂಟೆ ಮಾತಾಡಿಕೊಳ್ಳಲಿ." ಜೈಲಿನಲ್ಲಿ ನೆಂಟರನ್ನು ನೋಡುವ ಹಾಗೆ ಜನ ವಾರಕ್ಕೊಮ್ಮೆ ತಮ್ಮ ಗಂಟಲನ್ನು ತಾವೇ ನೋಡಿ ಬರುವುದು. ಮಿಕ್ಕ ಆರು ದಿನ ಕೈಸನ್ನೆ. ಉಪ್ಪು ಬೇಕು ಅನ್ನುವುದಕ್ಕೂ ಉಚ್ಚೆ ಬಂತು ಅನ್ನುವುದಕ್ಕೂ ಸನ್ನೆಯಲ್ಲಿ ಅಂಥ ವ್ಯತ್ಯಾಸವಿಲ್ಲದೆ ಚೌಡಮ್ಮ ಪಟ್ಟ ಪಾಡು ಅವಳಿಗೇ ಗೊತ್ತು.

ಆದರೆ ಎಪ್ಪತ್ತೈದು ವರ್ಷದ ಚಾಳಿ ಬಿಡುತ್ತದೆಯೇ? ದನಿ ಇಲ್ಲಿಲ್ಲ ಅಂತ ಗೊತ್ತಿದ್ದರೂ ಎಲ್ಲರ ತುಟಿಗಳೂ ಅಲ್ಲಾಡುತ್ತಲೇ ಇದ್ದವು. ಬೆಳಗಿನಿಂದ ಸಂಜೆಯ ತನಕ ಗೋಡೆಯಾಚೆ ಹನ್ನೊಂದು ದನಿಗಳ ಸಂತೆ. ಒಬ್ಬರು ಮಗ್ಗಿ ಹೇಳುವರು, ಇನ್ನೊಬ್ಬರು ಎಂದೋ ಸತ್ತ ಮೈದುನನಿಗೆ ಶಾಪ ಹಾಕುವರು. ಕುಕ್ಕರು ಸೀಟಿ ಹೊಡೆಯುವುದು. ಯಾರ ಮಾತು ಯಾರದು ಅಂತ ಬಿಡಿಸುವುದು ಬ್ರಹ್ಮನಿಗೂ ಆಗದು. ನಾನು ಮೇಜಿನ ಮೇಲೊಂದು ರೇಡಿಯೋ ತಂದಿಟ್ಟುಕೊಂಡೆ.

ಈ ಹನ್ನೊಂದರಲ್ಲಿ ಪುಟ್ಟಸಿದ್ದಮ್ಮನ ದನಿ ಇದ್ದದ್ದು ನೆಗ್ಗಿದ ಹಿತ್ತಾಳೆ ತಂಬಿಗೆಯಲ್ಲಿ. ಮೂವತ್ತು ವರ್ಷ ಹೆರಿಗೆ ವಾರ್ಡಿನಲ್ಲಿ ಆಯಾ ಆಗಿದ್ದವರು. ಊರಿನ ಅರ್ಧ ಜನರ ತಲೆಯನ್ನು ಮೊದಲು ಹಿಡಿದದ್ದು ಅವರ ಕೈ. ಅದಕ್ಕೇ ಯಾರನ್ನೂ ಬಹುವಚನದಲ್ಲಿ ಕರೆದವರಲ್ಲ. ಓದು ಬರಹ ಬಾರದು. ಆದರೆ ಆಸ್ಪತ್ರೆಯಲ್ಲಿ ಯಾವ ನೆಲ ಜಾರುತ್ತದೆ, ಯಾವ ಮಂಚದ ಕಾಲು ಅಲ್ಲಾಡುತ್ತದೆ, ಎಲ್ಲ ಕಣ್ಣಲ್ಲೇ ಅಳೆಯುವವರು. ಮೊದಲ ಭಾನುವಾರದ ದನಿಭೇಟಿಯಲ್ಲೇ ತಂಬಿಗೆ ಗುಡುಗಿತು. "ಏಯ್ ಪಂಕು, ಬಚ್ಚಲಲ್ಲಿ ಗ್ವಾಡೆಗೆ ಹಿಡಿಕೆ ಹಾಕವ್ರಲ್ಲ, ಅದ್ಕೆ ಬೋಲ್ಟೇ ಇಲ್ಲ ಕಣೇ. ಗಮ್ಮಲ್ಲಿ ಅಂಟ್ಸವ್ರೆ. ನಾನು ಉಗುರಲ್ಲಿ ಕೆರೆದು ನೋಡ್ದೆ."

ಹಿಡಿಕೆ ಸಂಹಿತೆಯ ಹತ್ತೊಂಬತ್ತನೆಯ ಅಂಶ. ಫೋಟೋ ಕಳಿಸಲು ಗಡುವಿತ್ತು. ಟೈಲ್ಸ್ ಕೊರೆದರೆ ಒಡೆಯುತ್ತವೆ ಅಂತ ಅಡವೀಶಪ್ಪನವರು ಗಮ್ಮಿನಲ್ಲಿ ಅಂಟಿಸಿ ಫೋಟೋ ತೆಗೆಸಿದ್ದರು. ಫೋಟೋದಲ್ಲಿ ತುಂಬಾ ಗಟ್ಟಿಯಾಗಿ ಕಾಣುತ್ತಿತ್ತು. ನಾನು ಹೋಗಿ ಹೇಳಿದೆ. "ಒಟ್ಟಿನಲ್ಲಿ ಏನಪ್ಪಾ ಅಂದ್ರೆ, ನೋಡೋಣ" ಅಂದರು. ಎರಡನೆಯ ಭಾನುವಾರ ತಂಬಿಗೆ ಮತ್ತೆ ಗುಡುಗಿತು, ನಾನು ಮತ್ತೆ ಹೇಳಿದೆ, ಅವರು ಮತ್ತೆ ನೋಡೋಣ ಅಂದರು. ಮೂರನೆಯ ಭಾನುವಾರ ಗುಡುಗಿದಾಗ ನಾನು ಹೋಗಿ ಹೇಳಲಿಲ್ಲ. ನೋಡೋಣ ಅನ್ನುವುದನ್ನು ಅವರದೇ ದನಿಯಲ್ಲಿ ನಾನೇ ಅಂದು ಎಲ್ಲರನ್ನೂ ನಗಿಸಿದೆ. ಪುಟ್ಟಸಿದ್ದಮ್ಮ ಮಾತ್ರ ನಗಲಿಲ್ಲ.

ಅದಾಗಿ ನಾಲ್ಕನೆಯ ದಿನ, ಗುರುವಾರ, ಮಧ್ಯಾಹ್ನ ಎರಡೂವರೆ. ಜೈಬುನ್ಬಿ ಅಂತ ಇದ್ದರು. ನಾವೆಲ್ಲ ಬೂಬಮ್ಮ ಅನ್ನುತ್ತಿದ್ದೆವು. ಜೀವಮಾನವೆಲ್ಲ ಮಲ್ಲಿಗೆ ಕಟ್ಟಿ ಬದುಕಿದವರು. ಅವರ ದನಿ ಮಣ್ಣಿನ ಹೂಜಿಯಲ್ಲಿತ್ತು, ಕೇಳಿದರೆ ಕಿವಿ ತಣ್ಣಗಾಗುತ್ತಿತ್ತು. ಅವರಿಗೆ ಊಟವಾದ ಅರ್ಧ ಗಂಟೆಗೆಲ್ಲ ಚಹಾ ಬೇಕು. "ಯಾರಾದ್ರೂ ಬರ್ರಪ್ಪಾ, ಚಾ ಆಯ್ತಾ" ಅಂತ ದಿನಾ ರಾಗ ಎಳೆಯುತ್ತಿದ್ದರು. ಅವತ್ತು ಗೋಡೆಯಾಚೆಯ ಸಂತೆಯೊಳಗಿಂದ "ಯಾರಾದ್ರೂ ಬರ್ರಪ್ಪಾ" ಅಂತ ಕೇಳಿಸಿತು. ಮತ್ತೊಮ್ಮೆ ಕೇಳಿಸಿತು. ನಾನು ಸಂಹಿತೆಯ ಎಪ್ಪತ್ತೆಂಟನೆಯ ಅಂಶಕ್ಕೆ ಉತ್ತರ ತುಂಬುತ್ತಿದ್ದೆ: ನಿವಾಸಿ ಕರೆದಾಗ ಎಷ್ಟು ನಿಮಿಷದೊಳಗೆ ಸಿಬ್ಬಂದಿ ಬರುತ್ತಾರೆ? ಎರಡು ಅಂತ ಬರೆದೆ. ತಲೆ ಎತ್ತದೆ, ಗೋಡೆಯ ಕಡೆ ತಿರುಗಿ, ಬೂಬಮ್ಮನದೇ ರಾಗದಲ್ಲಿ "ಬಂದೇ ಬೂಬಮ್ಮಾ, ಚಾ ಇನ್ನೂ ಕುದೀತಾ ಇದೆ" ಅಂದೆ. ಎಷ್ಟು ಚೆನ್ನಾಗಿ ಬಂತು ಅಂತ ನನಗೇ ಖುಷಿಯಾಯಿತು. ಮೂರನೆಯ ಸಲ ಕೇಳಿಸಿದಾಗ ರೇಡಿಯೋ ಜೋರು ಮಾಡಿದೆ.

ಚೌಡಮ್ಮ ಬಚ್ಚಲು ತೊಳೆಯಲು ಹೋದದ್ದು ಮೂರು ಹತ್ತಕ್ಕೆ. ಬೂಬಮ್ಮ ನೆಲದ ಮೇಲಿದ್ದರು. ಕೈಯಲ್ಲಿ ಹಿಡಿಕೆ ಹಿಡಿದೇ ಇದ್ದರು, ಗೋಡೆಯಲ್ಲಿ ಇರಲಿಲ್ಲ ಅಷ್ಟೆ. ಬಾಯಿ ತೆರೆದುಕೊಂಡು ಕೂಗುತ್ತಿದ್ದರು. ಪಕ್ಕದಲ್ಲೇ ನಿಂತ ಚೌಡಮ್ಮನಿಗೆ ಒಂದಕ್ಷರ ಕೇಳಿಸಲಿಲ್ಲ. ಕೂಗು ಅಷ್ಟು ದೂರದಲ್ಲಿ, ನನ್ನ ಸೊಂಟದ ಕೀಲಿಕೈಯ ಕಾವಲಿನಲ್ಲಿ ಇತ್ತು. ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಗೆ ಸೇರಿಸಿದೆವು. ಅಲ್ಲಿನ ಡಾಕ್ಟರು ನೋವು ಎಲ್ಲಿದೆ ಕೇಳಿದರೆ ಅವರು ಹೇಗೆ ಹೇಳಬೇಕು? ಹೂಜಿ ಕಳಿಸೋಣವೆಂದರೆ ನಲವತ್ತೊಂದನೆಯ ಅಂಶದ ಪ್ರಕಾರ ಉಗ್ರಾಣದಿಂದ ಹೊರಹೋಗುವ ಪಾತ್ರೆಗೆ ಮೂರು ಸಹಿ ಬೇಕು. ನಾನು ಸೆರಗಿನಲ್ಲಿ ಮುಚ್ಚಿಕೊಂಡು ಹೊತ್ತೊಯ್ದು ಕೊಟ್ಟು ಬಂದೆ. ಕೊಟ್ಟು ಬಂದೆ ಅಷ್ಟೆ, ಮಾತಾಡಲು ನಿಲ್ಲಲಿಲ್ಲ.

ಮುಂದಿನ ವಾರವೇ ತಪಾಸಣೆ. ಅಡವೀಶಪ್ಪನವರು ಹಿಡಿಕೆಯನ್ನು ತೊಳೆದು, ಈ ಸಲ ಸ್ವಲ್ಪ ಜಾಸ್ತಿ ಗಮ್ಮು ಹಚ್ಚಿ, ಅದೇ ಜಾಗಕ್ಕೆ ಅಂಟಿಸಿದರು. ಆಮೇಲೆ ನನ್ನನ್ನು ಕರೆದು ಬಾಗಿಲು ಹಾಕಿದರು. ನಮ್ಮೂರಲ್ಲಿ ಒಂದು ನಂಬಿಕೆ ಇದೆ: ಇಪ್ಪತ್ತೊಂದು ದಿನ ಒಂದೇ ಪಾತ್ರೆಯಲ್ಲಿ ಉಂಡರೆ ಹಳೆಯ ದನಿ ಅದಕ್ಕೆ ಬರುತ್ತದೆ ಅಂತ. ಬಂದದ್ದನ್ನು ಕಂಡವರಿಲ್ಲ. "ಒಟ್ಟಿನಲ್ಲಿ ಏನಪ್ಪಾ ಅಂದ್ರೆ, ಎಲ್ಲರ ದನೀನೂ ಸ್ಟೀಲ್ ಲೋಟಕ್ಕೆ ಬಂದಿದೆ ಅಂತ ಜಂಬುನಾಥಯ್ಯನವರಿಗೆ ಬರೆದುಕೊಟ್ಟಿದ್ದೀನಿ. ಅವರಿಗೂ ಅದೇ ಬೇಕಾಗಿತ್ತು. ನೀನು ಪರದೆ ಹಿಂದೆ ಕೂತ್ಕೋ. ಹತ್ತು ದನಿ. ನಿನಗೆ ಎಡಗೈ ಆಟ."

"ಸಾರ್, ಇದು ಮೋಸ."

"ಒಟ್ಟಿನಲ್ಲಿ ಏನಪ್ಪಾ ಅಂದ್ರೆ, ಮೋಸ ಅಂದ್ರೆ ಮುಚ್ಚೋಣ ಬಿಡು. ಸರ್ಟಿಫಿಕೇಟ್ ಇಲ್ಲ ಅಂದ್ರೆ ನಾಳೇನೇ ಬೀಗ. ಮರಿಯಪ್ಪ ಮೇಷ್ಟ್ರನ್ನ ಮಗನ ಮನೆಗೆ ನೀನೇ ಬಿಟ್ಟು ಬಾ." ಮರಿಯಪ್ಪ ಮೇಷ್ಟ್ರ ಮಗ ಕುಕ್ಕರಿಗೆ ಮುಚ್ಚಳ ಬಿಗಿದು, ಗ್ಯಾಸ್ಕೆಟ್ ಹಾಕಿ, ವೇಯ್ಟನ್ನೂ ಇಟ್ಟು ಎರಡು ವರ್ಷ ನೆಮ್ಮದಿಯಾಗಿದ್ದವನು. ನಾನು ಒಪ್ಪಿಕೊಂಡೆ. ಪಾತ್ರೆಗಳಿಗೆಲ್ಲ ಪಾತ್ರ ವಹಿಸುವ ಯೋಗ ಕಾಲೇಜಿನಲ್ಲೇ ಹಣೆಯಲ್ಲಿ ಬರೆದಿತ್ತೇನೋ.

ಭಾನುವಾರದ ದನಿಭೇಟಿಯಲ್ಲಿ ಎಲ್ಲರಿಗೂ ವಿಷಯ ಹೇಳಿದೆ. ಒಂಬತ್ತು ಮಂದಿ ತಲೆ ತಗ್ಗಿಸಿ ಹೂಂ ಅಂದರು. ಮನೆಯ ಮುಚ್ಚಳ ಎಲ್ಲರಿಗೂ ನೆನಪಿತ್ತು. ಪುಟ್ಟಸಿದ್ದಮ್ಮನ ಮುಂದೆ ಕುಕ್ಕರುಗಾಲಲ್ಲಿ ಕೂತೆ. "ಅಮ್ಮಾ, ನಿಮಗೂ ಗೊತ್ತಲ್ಲ, ಮನೆಗೆ ಹೋದ್ರೆ ನಿಮ್ಮ ಸೊಸೆ..."

"ಮುಚ್ಚಳ ಹಾಕ್ತಾಳೆ. ಗೊತ್ತು ಬಿಡು," ಅಂದಿತು ತಂಬಿಗೆ. "ಆದ್ರೆ ಮುಚ್ಚಳ ಹಾಕುದ್ರೆ ಸೊಂಟ ಮುರಿಯಕಿಲ್ಲ ಕಣೇ. ಬೂಬಮ್ಮ ಬಿದ್ದಾಗ ಕೂಗ್ಲಿಲ್ವಾ ಅವ್ಳು? ಆ ಕೂಗು ಯಾವ ಕೋಣೇಲಿ ಕೇಳಿಸ್ತು? ಪಕ್ಕದ ಕೋಣೇಲಿ ಯಾರಿದ್ರು?"

ನಾನು ವಾಚು ನೋಡಿಕೊಂಡೆ. ಹನ್ನೊಂದಾಗಲು ಇನ್ನೂ ಆರು ನಿಮಿಷವಿತ್ತು. "ಟೈಮಾಯ್ತು" ಅಂತ ಬಾಗಿಲು ಹಾಕಿದೆ.

ತಪಾಸಣೆಯ ಬೆಳಿಗ್ಗೆ ಉಗ್ರಾಣದೊಳಗೆ ಬಾಗಿಲಿಗೆ ತಾಗುವಂತೆ ನಾಲ್ಕು ಹಾಸಿಗೆ ಒರಗಿಸಿ, ಸದ್ದು ಬಾರದಂತೆ ಬೀಗ ಹಾಕಿದೆವು. ಹಜಾರದಲ್ಲಿ ಒಂದು ಕುರ್ಚಿ, ಮುಂದೊಂದು ಸ್ಟೂಲು, ಅದರ ಮೇಲೆ ನಂಬರು ಹೊಡೆದ ಲೋಟ. ಬೆನ್ನಿಗೆ ಅಡುಗೆಮನೆಯ ಪರದೆ. ಪರದೆಯ ಹಿಂದೆ, ಅಕ್ಕಿ ಡಬ್ಬಕ್ಕೂ ಗ್ಯಾಸ್ ಸಿಲಿಂಡರಿಗೂ ನಡುವೆ, ಬಿ.ಎ. ಪಾಸಾದ ನಾನು. ಜಂಬುನಾಥಯ್ಯನವರು ಬಂದು ಕೂತರು, ಪೆನ್ನು ಟಕ್ ಟಕ್ ಅಂದಿತು. ಒಬ್ಬೊಬ್ಬರೇ ಬಂದರು. ಮೇಷ್ಟ್ರಿಗೆ ಮಾತಿನ ನಡುವೆ ಹಲ್ಲಿನ ಸಂದಿಯಿಂದ ಸಣ್ಣ ಸೀಟಿ ಸೇರಿಸಿದೆ. ಜಂಬುನಾಥಯ್ಯನವರು ತಲೆದೂಗಿ "ಸ್ಟೀಲಿಗೆ ಬಂದರೂ ಕುಕ್ಕರಿನ ಗುಣ ಬಿಟ್ಟಿಲ್ಲ ನೋಡಿ" ಅಂದರು. ಊಟ ಚೆನ್ನಾಗಿದೆ, ನಿದ್ದೆ ಚೆನ್ನಾಗಿದೆ, ಸಿಬ್ಬಂದಿ ದೇವರಂಥವರು. ಒಂಬತ್ತು ದನಿಯಲ್ಲಿ ನನ್ನನ್ನು ನಾನೇ ಹೊಗಳಿಕೊಂಡೆ.

ಹತ್ತನೆಯವರಾಗಿ ಪುಟ್ಟಸಿದ್ದಮ್ಮ ಬಂದು ಕೂತರು. ಕೂತವರು ಪರಿವೀಕ್ಷಕರ ಕಡೆ ನೋಡದೆ ಹಿಂದಕ್ಕೆ ತಿರುಗಿ ಪರದೆಯನ್ನೇ ನೋಡಿದರು. ಪರದೆಯಲ್ಲಿ ನನ್ನ ಕಣ್ಣಿಗೆಂದು ಮಾಡಿಕೊಂಡ ತೂತಿತ್ತು. ಆ ತೂತಿನ ಈಚೆ ನನ್ನ ಕಣ್ಣು, ಆಚೆ ಅವರ ಕಣ್ಣು.

"ಅಂಶ ಹತ್ತೊಂಬತ್ತು," ಅಂದರು ಜಂಬುನಾಥಯ್ಯ. "ಸ್ನಾನದ ಕೋಣೆಯಲ್ಲಿ ಹಿಡಿಕೆ ಇದೆಯೇ? ಗಟ್ಟಿಯಾಗಿದೆಯೇ? ನಿಮ್ಮದೇ ಮಾತಿನಲ್ಲಿ ಹೇಳಿ."

"ಐತೆ ಸ್ವಾಮೀ," ಅಂದೆ ನಾನು, ನೆಗ್ಗಿದ ಹಿತ್ತಾಳೆಯ ಆ ಒಡಕನ್ನೂ ಸೇರಿಸಿ. "ಬಂಡೆಯಂಗೆ ಗಟ್ಟಿಯಾಗೈತೆ."

ಜಂಬುನಾಥಯ್ಯನವರು ಬರೆದುಕೊಂಡರು. ಪುಟ್ಟಸಿದ್ದಮ್ಮ ಎದ್ದರು. ಎದ್ದವರು ಪರಿವೀಕ್ಷಕರ ಮಣಿಕಟ್ಟನ್ನು ಹಿಡಿದರು. ಮೂವತ್ತು ವರ್ಷ ಒಲ್ಲೆನೆಂದ ಕೂಸುಗಳನ್ನು ಲೋಕಕ್ಕೆ ಎಳೆದ ಕೈ ಅದು. ಜಂಬುನಾಥಯ್ಯನವರು ಫಾರಂ ಸಮೇತ ಎದ್ದು, ಹಜಾರ ದಾಟಿ, ಬಚ್ಚಲುಮನೆಯೊಳಗೆ ಹೋಗಿಬಿಟ್ಟರು. ಅಡವೀಶಪ್ಪನವರು "ಒಟ್ಟಿನಲ್ಲಿ, ಒಟ್ಟಿನಲ್ಲಿ" ಅನ್ನುತ್ತಾ ಹಿಂದೆ ಓಡಿದರು. ಮುಂದಿನದು ಅವರಿಗೂ ಹೊಳೆದಿರಲಿಲ್ಲ. ಆಮೇಲೆ ಟಪ್ ಅಂತ ಒಂದು ಸದ್ದು, ಧೊಪ್ ಅಂತ ಇನ್ನೊಂದು.

ನಾನು ಪರದೆ ಸರಿಸಿ ಓಡಿದೆ. ಜಾರುವುದಿಲ್ಲ ಎಂದು ಪ್ರಮಾಣಪತ್ರ ಪಡೆದ ಟೈಲ್ಸಿನ ಮೇಲೆ ಪರಿವೀಕ್ಷಕರು ಜಾರಿ ಕೂತಿದ್ದರು. ಕೈಯಲ್ಲಿ ಹಿಡಿಕೆ, ಅದರ ಎರಡು ತುದಿಯಲ್ಲೂ ಹಳದಿ ಗಮ್ಮಿನ ಉಂಡೆ. ಪುಟ್ಟಸಿದ್ದಮ್ಮ ಸೆರಗು ಸಿಕ್ಕಿಸಿಕೊಂಡು, ಕೂಸು ಹೊರಗೆ ಬಿತ್ತು ಅನ್ನುವಂತೆ ನಿಂತಿದ್ದರು.

"ಒಟ್ಟಿನಲ್ಲಿ ಏನಪ್ಪಾ ಅಂದ್ರೆ, ಸಾರ್," ಅಂದರು ಅಡವೀಶಪ್ಪನವರು, "ಹಿಡಿಕೆ ಅಂತೂ ಇದೆ. ತಮ್ಮ ಕೈಯಲ್ಲೇ ಇದೆ."

ಈ ಮಾತಿಗೆ ಪರಿವೀಕ್ಷಕರು ಅವರ ಕಪಾಳಕ್ಕೆ ಬಾರಿಸುತ್ತಾರೆ ಅಂದುಕೊಂಡೆ. ಅವರು ಕೂತಲ್ಲೇ ಫಾರಂ ತಿರುವಿದರು. ಮುಖದಲ್ಲಿ ನೋವಿತ್ತು, ಅದು ಬಿದ್ದದ್ದಕ್ಕೋ ಫಾರಮ್ಮಿಗೋ ಹೇಳಲಾರೆ. "ಇಲ್ಲಿ ಬರೀ ಇದೆ, ಇಲ್ಲ ಅಂತಿದೆ. ಕಿತ್ತುಬಂತು ಅನ್ನೋದಕ್ಕೆ ಕಾಲಂ ಇಲ್ಲ. ಷರಾ ಬರೆಯೋಣ ಅಂದ್ರೆ ನಿವಾಸಿಯ ಹೇಳಿಕೆ ಪ್ರಕಾರ ಬರೀಬೇಕು. ಈಯಮ್ಮನೇ ಬಂಡೆಯಂಗೆ ಗಟ್ಟಿ ಅಂದ್ರಲ್ಲ, ಬರೆದಾಯ್ತಲ್ಲ! ಹೇಳಿಕೆ ಬದಲಾಯಿಸೋದಾದ್ರೆ ಅವರ ಬಾಯಿಂದಲೇ, ಅಂದ್ರೆ ಅವರ ಲೋಟದಿಂದಲೇ ಬರಬೇಕು."

ಎಲ್ಲರೂ ಪುಟ್ಟಸಿದ್ದಮ್ಮನ ಕಡೆ ನೋಡಿದರು. ತುಟಿ ಪಟಪಟ ಅಲ್ಲಾಡಿತು. ಹಜಾರದ ಲೋಟ ತೆಪ್ಪಗಿತ್ತು. ದೂರದಲ್ಲಿ, ನಾಲ್ಕು ಹಾಸಿಗೆಗಳ ಹಿಂದಿನಿಂದ, ಬಾವಿಗೆ ಬಿದ್ದವರ ಕೂಗಿನಂತೆ ಏನೋ ಮ್ಮ್ ಮ್ಮ್ ಅಂದಿತು.

ಇನ್ನೊಂದು ಸಲ ಅವರ ದನಿ ತೆಗೆದು ನಿಜವನ್ನು ಹೇಳಿಬಿಡಬಹುದಾಗಿತ್ತು. ನಾಲಿಗೆಯ ತುದಿಗೆ ಬಂದಿತ್ತು, ಒಡಕಿನ ಸಮೇತ. ಆದರೆ ಪುಟ್ಟಸಿದ್ದಮ್ಮ ನನ್ನನ್ನು ನೋಡುತ್ತಿರಲಿಲ್ಲ. ನನ್ನ ಸೊಂಟವನ್ನು ನೋಡುತ್ತಿದ್ದರು. ನಾನು ಕೀಲಿಕೈ ಬಿಚ್ಚಿದೆ. "ಪಂಕಜಾ!" ಅಂದರು ಅಡವೀಶಪ್ಪ. ಒಟ್ಟಿನಲ್ಲಿ ಅನ್ನದೆ ಅವರು ಆಡಿದ ಮೊದಲ ಮಾತು ಅದೇ ಇರಬೇಕು. ಹೋಗಿ ಬೀಗ ತೆಗೆದೆ. ಹೆಗಲು ಕೊಟ್ಟು ಬಾಗಿಲು ನೂಕಿದಾಗ ಹಾಸಿಗೆಗಳು ಒಳಕ್ಕೆ ಉರುಳಿದವು. ತಂಬಿಗೆ ತಂದು ಪುಟ್ಟಸಿದ್ದಮ್ಮನ ಕೈಗೆ ಕೊಟ್ಟೆ.

ಹಿಡಿಕೆಯ ವಿಷಯ ಮೊದಲು ಬರುತ್ತದೆ ಅಂದುಕೊಂಡಿದ್ದೆ. "ಏನೇ ಪಂಕು," ಅಂದಿತು ತಂಬಿಗೆ, "ನನ್ನ ದನಿ ಮಾಡಾಕೆ ನಿಂಗೆ ಬರಾಕಿಲ್ವಲ್ಲೇ. ನಾನು ಹುಟ್ಟಿದಾಗ್ನಿಂದ ಯಾವನ್ನ ಸ್ವಾಮೀ ಅಂದಿವ್ನಿ?" ಆಮೇಲೆ ಪರಿವೀಕ್ಷಕರ ಕಡೆ ತಿರುಗಿ, "ನೀನು ಮೇಲೇಳು. ಎದ್ದು ಬರ್ಕೋ. ಹಿಡಿಕೆ ಗಮ್ಮಲ್ಲಿ ಅಂಟ್ಸಿದ್ದು. ಮೂರು ಭಾನುವಾರ ಹೇಳಿದ್ವಿ. ಬೂಬಮ್ಮ ಬಿದ್ಳು. ನಲವತ್ತು ನಿಮಿಷ ಕೂಗುದ್ಳು. ಕೂಗು ಬೀಗ ಹಾಕಿದ್ ಕೋಣೇಲಿತ್ತು. ಬರ್ಕೊಂಡಾ? ಇನ್ನ ಈ ಅಡವೀಶ. ಇವ್ನು ಹುಟ್ಟುವಾಗ್ಲೂ ಹಂಗೇ, ಒಟ್ಟಿನಲ್ಲಿ ಕೈಗೆ ಸಿಗ್ನಿಲ್ಲ."

ಜಂಬುನಾಥಯ್ಯನವರು ಬರೆದರು. ನಿವಾಸಿಯೇ ಹೇಳಿದ ಮೇಲೆ ಷರಾ ತುಂಬಲು ಅವರಿಗೆ ಏನೂ ಅಡ್ಡಿ ಇರಲಿಲ್ಲ, ಎರಡು ಪುಟ ತುಂಬಿಸಿದರು. ಪರದೆಯ ಹಿಂದಿನ ವಿಷಯ ನಾನೇ ಹೇಳಿದೆ, ಅದನ್ನೂ ಬರೆದುಕೊಂಡರು. ಆಮೇಲೆ ತಂಬಿಗೆಯ ಕಡೆ ನೋಡಿ ಪಾಪದವರಂತೆ, "ಅಮ್ಮಾ, ಆದ್ರೆ ಇದನ್ನ ನೀವು ರೂಮಿನಲ್ಲಿ ಇಟ್ಟುಕೊಳ್ಳೋ ಹಾಗಿಲ್ಲ. ಕಾಲಂ..." ಅಂದರು.

"ಊರುಗೋಲು ಇಟ್ಕೋಬೋದಾ?" ಅಂದಿತು ತಂಬಿಗೆ.

"ಹೂಂ, ಅಂಶ ಅರವತ್ಮೂರು. ಸಹಾಯಕ ಸಾಧನಗಳು."

"ಕನ್ನಡಕ?"

"ಹೂಂ."

"ಹಲ್ಲಿನ ಸೆಟ್ಟು?"

"ಹೂಂ. ಅದೂ ಅಲ್ಲೇ."

"ನಡಿಯಾಕೆ ಕೋಲು, ನೋಡಾಕೆ ಕನ್ನಡಕ, ಅಗಿಯಾಕೆ ಹಲ್ಲು. ಮಾತಾಡಾಕೆ ಇದು. ಅದ್ರಲ್ಲೇ ಬರ್ಕೊಳೋ ಕೂಸೇ."

ಜಂಬುನಾಥಯ್ಯನವರ ಪೆನ್ನು ಟಕ್ ಅನ್ನುವುದನ್ನು ನಿಲ್ಲಿಸಿತು. ಮೂರು ವರ್ಷದಿಂದ ಅತ್ತೆಯ ಸೌಟಿನ ಎದುರು ತಲೆ ತಗ್ಗಿಸಿದ್ದ ಮನುಷ್ಯ. "ಕಾಲಂ ಇದೆ," ಅಂದರು ಮೆಲ್ಲಗೆ. ಆಮೇಲೆ ಜೋರಾಗಿ, "ಕಾಲಂ ಇದೆ!"

ಸರ್ಟಿಫಿಕೇಟ್ ಸಿಗಲಿಲ್ಲ. ಮೂರು ತಿಂಗಳ ಗಡುವು ಸಿಕ್ಕಿತು. ಗೋಡೆ ಕೊರೆದು ಬೋಲ್ಟ್ ಹಾಕಿಸುವಾಗ ನಾಲ್ಕು ಟೈಲ್ಸ್ ಒಡೆದವು, ಪುಟ್ಟಸಿದ್ದಮ್ಮ ಸ್ಟೂಲು ಹಾಕಿಕೊಂಡು ಕೂತು ಒಂದೊಂದು ಬೋಲ್ಟಿಗೂ ಮೇಸ್ತ್ರಿಯನ್ನು ಬೈದರು. ಪಾತ್ರೆಗಳು ಮಂಚದ ಪಕ್ಕಕ್ಕೆ ಬಂದವು. ಈಗ ಅವು ಸಹಾಯಕ ಸಾಧನಗಳಾದ್ದರಿಂದ ಪ್ರತಿಯೊಂದಕ್ಕೂ ನಂಬರು ಬಿಲ್ಲೆ, ತಿಂಗಳಿಗೊಮ್ಮೆ ಸುಸ್ಥಿತಿ ಪರೀಕ್ಷೆ, ಅದಕ್ಕೊಂದು ಫಾರಂ. ಕುಕ್ಕರಿಗೆ ಎರಡು ಫಾರಂ. ಬರೆದೂ ಬರೆದೂ ನನ್ನ ಕೈ ಬಿದ್ದುಹೋಗಿದೆ. ಅಡವೀಶಪ್ಪನವರು ನನ್ನನ್ನು ಕೆಲಸದಿಂದ ತೆಗೆಯಲು ನೋಡಿದರು. ಆದರೆ ಎಂಬತ್ತೆಂಟನೆಯ ಅಂಶದ ಪ್ರಕಾರ ಮೇಲ್ವಿಚಾರಕಿ ಪದವೀಧರೆಯಾಗಿರಬೇಕು, ಬೇರೆ ಯಾರೂ ಅರ್ಜಿ ಹಾಕಲಿಲ್ಲ. ಸಂಹಿತೆ ನನಗೆ ಮಾಡಿದ ಒಂದೇ ಹಿತ.

ಬೂಬಮ್ಮ ಎರಡು ತಿಂಗಳ ಮೇಲೆ ವಾಕರ್ ಹಿಡಿದು ಬಂದರು. ಹೂಜಿಯನ್ನು ನಾನೇ ಅವರ ತಲೆದೆಸೆಗೆ ಇಟ್ಟೆ. ಊಟವಾಗಿ ಅರ್ಧ ಗಂಟೆಯಾಗಿತ್ತು. ಅವರು ದಿಂಬಿಗೆ ಒರಗಿಕೊಂಡು ನನ್ನನ್ನೇ ನೋಡಿದರು. "ಬೇಟೀ," ಅಂದಿತು ಹೂಜಿ, ಅದೇ ತಣ್ಣನೆಯ ದನಿಯಲ್ಲಿ. "ಅವತ್ತು ನಾನು ಕೂಗಿದ್ದು ನಿಂಗೆ ಕೇಳಿಸ್ತಾ?"

ಊರಿನ ಯಾರ ದನಿಯಲ್ಲಿ ಬೇಕಾದರೂ ಉತ್ತರ ಕೊಡಬಲ್ಲೆ. ಆ ಹೊತ್ತಿಗೆ ಯಾವುದೂ ಬರಲಿಲ್ಲ. "ಕೇಳಿಸ್ತು ಬೂಬಮ್ಮ," ಅಂದೆ. "ಮೂರು ಸಲ. ಚಹಾಕ್ಕೆ ಅಂದ್ಕೊಂಡೆ. ನಿಮ್ಮ ಥರಾನೇ ರಾಗ ಎಳೆದು, ಬಂದೇ ಬೂಬಮ್ಮಾ, ಚಾ ಇನ್ನೂ ಕುದೀತಾ ಇದೆ ಅಂತ ಗೋಡೆಗೆ ಹೇಳ್ದೆ. ಆಮೇಲೆ ರೇಡಿಯೋ ಜೋರು ಮಾಡ್ದೆ."

ಬೂಬಮ್ಮ ದಿಂಬು ಬಿಟ್ಟು ನೆಟ್ಟಗೆ ಕೂತರು. ಆಮೇಲೆ ಬೂಬಮ್ಮನ ತುಟಿ ಅಲ್ಲಾಡಿತು. "ಬಂದೇ ಬೂಬಮ್ಮಾ, ಚಾ ಇನ್ನೂ ಕುದೀತಾ ಇದೆ," ಅಂದಿತು ಹೂಜಿ. ಬೂಬಮ್ಮನ ದನಿಯಲ್ಲಲ್ಲ. ಸ್ವಲ್ಪ ಮೂಗಿನಿಂದ ಬರುವ, ಮಾತಿನ ಕೊನೆಯಲ್ಲಿ ತನ್ನ ಜಾಣತನಕ್ಕೆ ತಾನೇ ಸಣ್ಣಗೆ ನಗುವ ಒಂದು ದನಿ. ಎಲ್ಲೋ ಕೇಳಿದ್ದೇನೆ ಅನ್ನಿಸಿತು. ಮರಿಯಪ್ಪ ಮೇಷ್ಟ್ರ ಕುಕ್ಕರು ಸೀಟಿ ಹೊಡೆಯಿತು, ಇಡೀ ಹಜಾರ ನಕ್ಕಿತು. ಆಗ ತಿಳಿಯಿತು ಅದು ನನ್ನದೇ ದನಿ ಅಂತ. ಒಂದು ಕೂದಲೆಳೆಯೂ ತಪ್ಪಿರಲಿಲ್ಲ.

ನಾನು ಎದ್ದು ಚಹಾ ಇಡಲು ಹೋದೆ.